ಅವ್ವ ಸಾರಿಸಿದ ಗೋಡೆ

ಬಾಗಿಲ ಪಕ್ಕದ ಗೋಡೆಯ ಮೇಲೆ ಸರಕಾರದವರು ಬರೆದು ಹೋದ ತಾರೀಖು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದು ಯಾರ ಮನೆಯದೇ ಆಗಲಿ. ಸೊಳ್ಳೆಗೆ ಔಷಧಿ ಹೊಡೆಯುವವರು ಕೆಲಸ ಮುಗಿಸಿ ಹೊರಡುವಾಗ ಆ ದಿನದ ತಾರೀಖನ್ನು ಗೋಡೆಗೆ ಗೀಚಿ ಹೋಗುತ್ತಾರೆ. ಇಂಥ ದಿನ ಇಂಥ ಮನೆಗೆ ಹೊಡೆದಿದ್ದೇವೆ ಎಂಬುದಕ್ಕೆ ಅವರಿಗೆ ಅದೇ ಸಾಕ್ಷಿ. ಆ ಮನೆಯೊಳಗೆ ಆಮೇಲೆ ಯಾರಿಗೆ ಜ್ವರ ಬಂತು, ಯಾರು ಎದ್ದರು, ಯಾರು ಏಳಲಿಲ್ಲ ಎಂಬುದನ್ನು ಯಾರೂ ಯಾವ ಗೋಡೆಗೂ ಬರೆದದ್ದನ್ನು ನಾನು ನೋಡಿಲ್ಲ.

ನಮ್ಮದು ಹಳಿಯಾಳ ತಾಲೂಕು. ಸಾಂಬ್ರಾಣಿ ದಾಟಿ ಕಾಡಿನ ಕಡೆಗೆ ಹೊರಳಿದರೆ ಸಿಗುವ ಸಣ್ಣ ಊರು. ಭತ್ತ, ಹತ್ತಿ, ಬಾವಿಯಲ್ಲಿ ನೀರಿದ್ದವರಿಗೆ ಕಬ್ಬು. ಊರ ಮಗ್ಗುಲಿಗೇ ಒಂದು ಹಳ್ಳ. ಮನೆಯಲ್ಲಿ ನಾವು ಮೂವರು ಹೆಂಗಸರು: ಅವ್ವ, ನಾನು, ನನ್ನ ತಂಗಿ. ಅಪ್ಪ ನಾವು ಸಣ್ಣವರಿದ್ದಾಗಲೇ ತೀರಿಕೊಂಡಿದ್ದ. ನಾನು ಗಂಡನ ಮನೆ ಬಿಟ್ಟು ಬಂದವಳು. ಬಾಯಿ ಜೋರು ಎಂದು ಅವರು ನನ್ನನ್ನು ಕಳಿಸಿಕೊಟ್ಟರು. ಪಂಚಾಯತಿಯಲ್ಲಿ ನಮ್ಮ ಊರಿನ ಜಾಗ ಹೆಂಗಸರಿಗೆ ಮೀಸಲು ಬಂದಾಗ ಊರವರು ಅದೇ ಬಾಯಿಯನ್ನು ನೋಡಿ ನನ್ನನ್ನು ಮೆಂಬರ್ ಮಾಡಿದರು. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ತಂಗಿಯನ್ನು ಮುಂಡಗೋಡ ಕಡೆ ಒಂದು ಒಳ್ಳೆಯ ಮನೆ ನೋಡಿ ಕೊಟ್ಟಿದ್ದೆವು. ಅವಳು ನನ್ನ ಹಾಗಲ್ಲ, ಮೆದು ಮಾತಿನವಳು, ಅವ್ವನ ಅಚ್ಚು.

ನಾನು ಸಣ್ಣವಳಿದ್ದಾಗ ಔಷಧಿ ಹೊಡೆಯುವವರು ಬರುತ್ತಿದ್ದುದು ಜೂನಿನ ಮಿರಗದ ಮಳೆಗೆ ಸ್ವಲ್ಪ ಮುಂಚೆ. ಕಾರಹುಣ್ಣಿಮೆಯ ಆಜೂಬಾಜು. ಪಾತ್ರೆ ಪಗಡೆ, ಕಾಳಿನ ಚೀಲ, ಹಾಸಿಗೆ ಎಲ್ಲವನ್ನೂ ಅಂಗಳಕ್ಕೆ ಹೊತ್ತು ಹಾಕುತ್ತಿದ್ದೆವು. ಒಬ್ಬ ಪಂಪು ಒತ್ತುತ್ತಿದ್ದ, ಇನ್ನೊಬ್ಬ ಉದ್ದನೆಯ ಕೊಳವೆ ಹಿಡಿದು ಗೋಡೆಗೆಲ್ಲ ಹೊಡೆಯುತ್ತಿದ್ದ. ನಾವು ಅದನ್ನು ಡಿಡಿಟಿ ಎನ್ನುತ್ತಿದ್ದೆವು. ಆಮೇಲೆ ಆಮೇಲೆ ಔಷಧಿ ಬದಲಾಗಿರಬಹುದು, ನಮ್ಮ ಬಾಯಲ್ಲಿ ಹೆಸರು ಬದಲಾಗಲಿಲ್ಲ. ಗೋಡೆಯ ತುಂಬ ಬಿಳಿ ಬಿಳಿ ಕಲೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಮುಂದೆ ಮಳೆ ಹಿಡಿಯುತ್ತಿತ್ತು. ಮಳೆಗಾಲದಲ್ಲಿ ಮಣ್ಣಿನ ಗೋಡೆಯನ್ನು ಯಾರೂ ಮುಟ್ಟುವುದಿಲ್ಲ, ಸಾರಿಸಿದರೆ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಹೀಗಾಗಿ ಔಷಧಿ ಹೊಡೆದಲ್ಲೇ ಇರುತ್ತಿತ್ತು. ಜ್ವರವೂ ಆ ಮಳೆಯಲ್ಲೇ ಬಂದು ಮಳೆಯೊಂದಿಗೆ ಹೋಗುತ್ತಿತ್ತು. ಮಳೆ ಮುಗಿದು ಬಿಸಿಲು ಬಿದ್ದ ಮೇಲೆ, ದೀಪಾವಳಿ ಬಂತೆಂದರೆ, ಊರಿನ ಹೆಂಗಸರೆಲ್ಲ ಸಗಣಿ ಕೆಮ್ಮಣ್ಣು ಕಲಸಿ ಗೋಡೆ ಸಾರಿಸುತ್ತಿದ್ದರು. ಅಷ್ಟೊತ್ತಿಗೆ ಔಷಧಿಯ ಕೆಲಸ ಮುಗಿದಿರುತ್ತಿತ್ತು. ಯಾರಿಗೂ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಆಮೇಲೆ ಮಳೆಯ ತಲೆ ಕೆಟ್ಟಿತು. ಮಿರಗ ಕೂಡಿದರೂ ಆಕಾಶದಲ್ಲಿ ಒಂದು ಮೋಡ ಇರುತ್ತಿರಲಿಲ್ಲ, ಹೊಲದಲ್ಲಿ ಧೂಳು ಏಳುತ್ತಿತ್ತು. ದಸರೆಯ ಹೊತ್ತಿಗೆ ಹಸ್ತ ಚಿತ್ತ ಬಂದಾಗ ಹಿಡಿದ ಮಳೆ ಬಿಡುತ್ತಲೇ ಇರಲಿಲ್ಲ. ಕೊಯ್ಯಲು ಬಂದ ಭತ್ತ ಗದ್ದೆಯಲ್ಲೇ ನೆಲ ಹಿಡಿದು ಮೊಳಕೆ ಒಡೆಯುತ್ತಿತ್ತು. ಸೂಪಾದಲ್ಲಿ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದ್ದಕ್ಕೇ ಹೀಗೆ ಎಂದು ಕೆಲವರು ಅಂದರು, ಕಾಡು ಕಡಿದದ್ದಕ್ಕೆ ಎಂದು ಕೆಲವರು, ಹೆಂಗಸರು ಪಂಚಾಯತಿಗೆ ಹೋಗಿ ಕುರ್ಚಿ ಮೇಲೆ ಕೂತದ್ದಕ್ಕೆ ಎಂದು ನನ್ನ ಮುಖ ನೋಡಿಯೇ ಒಬ್ಬ ಅಜ್ಜ ಅಂದ. ಕಾರಣ ಏನೇ ಇರಲಿ, ಹಳ್ಳ ಮೊದಲಿನ ಹಾಗೆ ಭೋರ್ಗರೆದು ಹರಿದು ಸುಮ್ಮನಾಗುತ್ತಿರಲಿಲ್ಲ. ದಸರೆ ಮುಗಿದ ಮೇಲೂ ಸೋಮಾರಿಯ ಹಾಗೆ ಸಣ್ಣಗೆ ಹರಿಯುತ್ತ, ಅಲ್ಲಲ್ಲಿ ನಿಂತು, ದನದ ಗೊರಸಿನ ಗುಂಡಿಯಲ್ಲೆಲ್ಲ ತುಂಬಿಕೊಂಡಿರುತ್ತಿತ್ತು. ಚಳಿಜ್ವರ ಬರತೊಡಗಿದ್ದು ದೀಪಾವಳಿ ಮುಗಿಯುತ್ತಿದ್ದಂತೆ. ಒಂದು ವರ್ಷ ಹೀಗಾದಾಗ ಗ್ರಹಚಾರ ಎಂದುಕೊಂಡೆವು. ಮರುವರ್ಷವೂ ಹಾಗೆಯೇ ಆಯಿತು. ಆ ಕಾರ್ತೀಕದಲ್ಲಿ ನಮ್ಮ ಓಣಿಯ ಒಬ್ಬ ಬಸುರಿ ಸೊಸೆ ಜ್ವರದಲ್ಲೇ ತೀರಿಕೊಂಡಳು.

ಔಷಧಿ ಹೊಡೆಯುವವರು ಮಾತ್ರ ಕಾರಹುಣ್ಣಿಮೆಗೇ ಬರುತ್ತಿದ್ದರು. ಸುಡು ಬಿಸಿಲಲ್ಲಿ, ಒಂದು ಸೊಳ್ಳೆಯೂ ಇಲ್ಲದ ಊರಿಗೆ ಬಂದು, ಹೊಡೆದು, ತಾರೀಖು ಬರೆದು ಹೋಗುತ್ತಿದ್ದರು. ಜ್ವರ ಬರುವ ಹೊತ್ತಿಗೆ ಗೋಡೆಯ ಮೇಲೆ ಔಷಧಿಯ ಸತ್ವ ಸತ್ತು, ಅದರ ಮೇಲೆ ದೀಪಾವಳಿಯ ಕೆಮ್ಮಣ್ಣು ಕೂತಿರುತ್ತಿತ್ತು.

ಅದರ ಮುಂದಿನ ವರ್ಷ ತಂಗಿ ಬಸುರಾದಳು. ಸುದ್ದಿ ಬಂದ ದಿನ ಅವ್ವ ಈಶ್ವರ ಗುಡಿಗೆ ಕಾಯಿ ಒಡೆಸಿ ಬಂದಳು. ನಾನು ಬೆರಳು ಮಡಚಿ ತಿಂಗಳು ಎಣಿಸಿದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ನಮ್ಮ ಕಡೆಯ ಪದ್ಧತಿ. ದೀಪಾವಳಿಗೆ ಅವಳು ಇದೇ ಮನೆಯಲ್ಲಿ, ಇದೇ ಹಳ್ಳದ ಮಗ್ಗುಲಲ್ಲಿ ತುಂಬು ಬಸುರಿಯಾಗಿ ಇರುತ್ತಾಳೆ. ಸರಿಯಾಗಿ ಜ್ವರದ ಬಾಯಿಗೇ ತಂದು ಇಟ್ಟಂತೆ. ಅವತ್ತಿನಿಂದ ನನಗೆ ಒಂದೇ ಹಟ ಹಿಡಿಯಿತು: ಈ ವರ್ಷ ನಮ್ಮ ಊರಿಗೆ ದಸರೆ ಆದ ಮೇಲೆ ಔಷಧಿ ಹೊಡೆಸಬೇಕು.

ತಾಲೂಕಿನ ಸಭೆಯಲ್ಲಿ ಎದ್ದು ನಿಂತೆ. ಜ್ವರದ ಕೆಲಸ ನೋಡುವ ಸಾಹೇಬರು ವೇದಿಕೆಯ ತುದಿಯಲ್ಲಿ ಕೂತಿದ್ದರು. ನಮ್ಮ ಭಾಷೆಯವರೇ, ಧಾರವಾಡ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದವರು.

"ಔಷಧಾ ಮಳಿಗಿಂತ ಮುಂಚೆ ಹೊಡೀಬೇಕು ಅಕ್ಕಾರ," ಅಂದರು. "ನಿಮ್ಮೂರಿಗಿ ಹೊಡದ ಆಗೈತಿ. ಮ್ಯಾಲಿಂದ ಬಂದ ವ್ಯಾಳ್ಯಾಪತ್ರಿಕಿ ಇರತೈತಿ, ನಾವ್ ನಮ್ಮ ಮನಸಿಗಿ ಬಂದಂಗ ಮಾಡಾಕ ಬರೂದಿಲ್ಲ."

"ಮಳಿಗಿಂತ ಮುಂಚೆ ಅಂತೀರಿ. ಮಳಿ ಬಂದದ್ದ ದಸರಾಕ್ಕ. ಅದರ ಮುಂಚೆ ಅಂದ್ರ ಯಾವಾಗ್ರಿ?"

"ಮಳಿಗಾಲ ಅಂದ್ರ ಮಳಿಗಾಲ. ಅದನ್ನ ನೀವು ನಾವು ಬದಲಿ ಮಾಡಾಕ ಆಗತೈತೇನು?"

"ನಾವ್ ಮಾಡಿಲ್ರಿ, ಅದ ಮಾಡ್ಕೊಂಡೈತಿ. ನಿಮ್ಮ ವ್ಯಾಳ್ಯಾಪತ್ರಿಕಿ ಅದಕ್ಕ ಕಳಸ್ರಿ, ಓದ್ಕೊಂಡು ಬರ್ಲಿ."

ಸಭೆ ನಕ್ಕಿತು. ಸಾಹೇಬರೂ ನಕ್ಕರು. ನಕ್ಕು ಮುಂದಿನ ವಿಷಯಕ್ಕೆ ಹೋದರು. ನನ್ನ ಮಾತಿಗೆ ಜನ ನಗುವುದು ನನಗೆ ಹೊಸದಲ್ಲ, ಆದರೆ ಅವತ್ತಿನ ನಗು ಬೇರೆ. ಓಣಿಯ ಸೊಸೆ ಸತ್ತದ್ದನ್ನು ನಾನು ಆಗಷ್ಟೇ ಹೇಳಿ ಮುಗಿಸಿದ್ದೆ.

ಆಮೇಲೆ ನಾನು ಬಿಡಲಿಲ್ಲ. ಸಂತೆಗೆ ಹೋದಾಗಲೆಲ್ಲ ಕಚೇರಿಗೆ ಹೋಗಿ ಸಾಹೇಬರ ಬಾಗಿಲಲ್ಲಿ ಕೂತೆ. ಚಹಾ ಕುಡಿಯಲು ಎದ್ದರೆ ಎದ್ದೆ, ಜೀಪು ಹತ್ತಲು ಹೋದರೆ ಜೀಪಿನ ಮುಂದೆ ನಿಂತೆ. ಪೇದೆ ನನ್ನನ್ನು ದೂರದಲ್ಲಿ ನೋಡಿದ ಕೂಡಲೇ ಒಳಗೆ ಹೋಗಿ ಹೇಳುತ್ತಿದ್ದ. ನಾಚಿಕೆಗೇಡಿ ಹೆಂಗಸು ಎಂದು ಹೆಸರಾಯಿತು, ಆಗಲಿ ಎಂದೆ. ಕೊನೆಗೆ, ಯಾವುದೋ ಊರಿನವರು ವಾಸನೆ ತಡೆಯದೆ ಬೇಡ ಎಂದು ಹಿಂದಕ್ಕೆ ಕಳಿಸಿದ್ದ ಔಷಧಿ ಉಳಿದಿತ್ತಂತೆ. ನನ್ನ ಕಾಟ ತಪ್ಪಿದರೆ ಸಾಕು ಎಂದು ಸಾಹೇಬರು ಅದನ್ನು ನಮ್ಮ ಊರಿಗೆ ಬರೆದುಕೊಟ್ಟರು.

ದಸರೆ ಮುಗಿದ ವಾರ ಅವರು ಬಂದರು. ಮೇಸ್ತ್ರಿಯೊಬ್ಬ, ಅವನ ಹಿಂದೆ ಪಂಪು ಹೊತ್ತ ಜೋಯಿಡಾ ಕಡೆಯ ಆಳುಗಳು, ತಮ್ಮತಮ್ಮಲ್ಲಿ ಕೊಂಕಣಿ ಮಾತಾಡಿಕೊಳ್ಳುವವರು. ನನಗೆ ಅವತ್ತು ಆದಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಮನೆಯ ಸಾಮಾನನ್ನೆಲ್ಲ ನಾನೇ ಹೊರಗೆ ಹಾಕಿದೆ. ಮೂಲೆ ಬಿಡಬೇಡಿ, ಜಂತಿ ಬಿಡಬೇಡಿ ಎಂದು ಅವರ ಬೆನ್ನು ಹತ್ತಿದೆ. ತಂಗಿ ಮಲಗುವ ಒಳಮನೆಯ ಗೋಡೆಗೆ ಇನ್ನೊಂದು ಸಲ ಹೊಡೆಸಿದೆ. ಗೋಡೆಯೆಲ್ಲ ಬಿಳಿ ಕಲೆ. ಮೇಸ್ತ್ರಿ ಬಾಗಿಲ ಪಕ್ಕ ತಾರೀಖು ಬರೆದ. ಅವರು ಹೋಗುವಾಗ ಅವ್ವ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಮೇಸ್ತ್ರಿ ಮಜ್ಜಿಗೆ ಕುಡಿದು, ತಂಬಿಗೆ ಕೆಳಗಿಟ್ಟು, ಕೈಮುಗಿದು ಹೋದ. ಗೋಡೆಯನ್ನು ಮುಟ್ಟಬೇಡಿ ಎಂದು ಅವನು ನಮಗೆ ಹೇಳಲಿಲ್ಲ. ಯಾಕೆ ಹೇಳುತ್ತಾನೆ? ಕಾರಹುಣ್ಣಿಮೆಗೆ ಹೊಡೆದು ಹೊಡೆದು ಅಭ್ಯಾಸವಾದವನು. ಅಲ್ಲಿ ಆ ಮಾತು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ, ಮುಂದೆ ಮಳೆ ಇರುತ್ತಿತ್ತು. ಸಾಹೇಬರು ತಿಂಗಳು ಬದಲಿಸಿ ಕೊಟ್ಟರು, ಅಷ್ಟೇ. ಆ ತಿಂಗಳಲ್ಲಿ ನಮ್ಮ ಊರಿನ ಹೆಂಗಸರು ಏನು ಮಾಡುತ್ತಾರೆ ಎಂದು ಒಬ್ಬರೂ ಯೋಚಿಸಲಿಲ್ಲ.

ಮರುದಿನ ಬೆಳಿಗ್ಗೆ ನಾನು ಮುಂಡಗೋಡಕ್ಕೆ ಹೊರಟೆ. ತಂಗಿಯ ಕುಬಸ ಇತ್ತು, ಸೀಮಂತ. ತವರಿನವರು ಸೀರೆ ಕುಬಸ, ಬುತ್ತಿ ತೆಗೆದುಕೊಂಡು ಹೋಗಿ, ಬಸುರಿಗೆ ಉಡಿ ತುಂಬಿ, ತಮ್ಮ ಮನೆಗೆ ಕರೆತರಬೇಕು. ಅವ್ವ ಬರಲಿಲ್ಲ. ಗಂಡ ಸತ್ತವಳು ಮಗಳ ಮಂಗಲಕಾರ್ಯದಲ್ಲಿ ಮುಂದೆ ನಿಲ್ಲಬಾರದು ಎಂದು ಅವಳಿಗೆ ಅವಳೇ ಕಟ್ಟಳೆ ಹಾಕಿಕೊಂಡಿದ್ದಳು. ನಾನು ಎಷ್ಟು ಜಗಳ ಮಾಡಿದರೂ ಕೇಳಲಿಲ್ಲ.

"ನೀ ಹೋಗಿ ಕರಕೊಂಡು ಬಾ," ಅಂದಳು. "ನಂದೇನ ಐತಿ, ನಾ ಮನ್ಯಾಗ ಮಾಡತೇನಿ."

ಅವಳು ಮನೆಯಲ್ಲಿ ಮಾಡಿದ್ದು ಏನು ಎಂಬುದು ನಾವಿಬ್ಬರೂ ಎರಡು ಬಸ್ಸು ಬದಲಿಸಿ ಊರಿಗೆ ಬಂದಿಳಿದಾಗ ಕಂಡಿತು. ಒಂದು ಬಿಳಿ ಕಲೆಯೂ ಇರಲಿಲ್ಲ. ಒಳಗೂ ಹೊರಗೂ ಕೆಮ್ಮಣ್ಣು ಬಳಿದು, ಕೆಳಗೆ ಸುಣ್ಣದ ಕಾರಣೆ ಎಳೆದು, ಬಾಗಿಲ ಎರಡೂ ಪಕ್ಕ ಬೆರಳಿನಿಂದಲೇ ತೇರಿನ ಚಿತ್ರ ತೆಗೆದಿದ್ದಳು. ತಂಗಿಯ ಒಳಮನೆಯ ಗೋಡೆ ಎಲ್ಲಕ್ಕಿಂತ ನುಣುಪಾಗಿತ್ತು. ಕುಬಸ ತೊಟ್ಟ ಮಗಳು ಮನೆಗೆ ಬರುವಾಗ ಗೋಡೆಯ ಮೇಲೆ ಕುಷ್ಠ ಹಿಡಿದಂಥ ಕಲೆ, ಮೂಗು ಹಿಡಿಯುವ ವಾಸನೆ ಇರಬಹುದೇ? ಅವ್ವ ಹೋಗಲಾರದ ಕುಬಸವನ್ನು ಹೀಗೆ ಮಾಡಿ ಮುಗಿಸಿದ್ದಳು. ಅವಳ ಉಗುರಿನ ಸಂದಿಯಲ್ಲಿ ಕೆಮ್ಮಣ್ಣು ಇನ್ನೂ ಹಾಗೇ ಇತ್ತು. ಮಣ್ಣು ಬಳಿದರೆ ಔಷಧಿ ಕೆಡುತ್ತದೆ ಎಂಬುದು ನನಗೂ ಗೊತ್ತಿರಲಿಲ್ಲ.

"ಯವ್ವಾ, ಎಷ್ಟ ಚಂದ ಮಾಡಿ!" ಎಂದು ತಂಗಿ ಗೋಡೆಗೆ ಕೆನ್ನೆ ಒತ್ತಿದಳು. ಹಸಿ ಮಣ್ಣಿನ ವಾಸನೆ ಬಸುರಿಗೆ ಇಷ್ಟವಂತೆ. ಅವ್ವ ಅಷ್ಟು ನಕ್ಕದ್ದನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ. ಊರಿನಲ್ಲಿ ಮಿಕ್ಕವರೂ ದೀಪಾವಳಿಗೆ ತಮ್ಮ ತಮ್ಮ ಗೋಡೆ ಸಾರಿಸಿಕೊಂಡರು.

ದೀಪಾವಳಿ ಚೆನ್ನಾಗಿಯೇ ಆಯಿತು. ಆಮೇಲೆ ಒಂದು ಮಧ್ಯಾಹ್ನ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದ ತಂಗಿ ಕಂಬಳಿ ಕೇಳಿದಳು. ಕಂಬಳಿ ಹೊದಿಸಿದೆವು. ಇನ್ನೊಂದು ಕೇಳಿದಳು. ಹಲ್ಲು ಕಟಕಟ ಎನ್ನುತ್ತಿದ್ದವು. ಅವ್ವ ನನ್ನ ಮುಖ ನೋಡಿದಳು. ಇಬ್ಬರಿಗೂ ಗೊತ್ತಾಯಿತು.

ಜ್ವರದವನು ಬಂದ. ಕಚೇರಿಯಿಂದ ಊರೂರು ತಿರುಗಿ ರಕ್ತ ತೆಗೆದುಕೊಂಡು ಹೋಗುವವನನ್ನು ನಾವು ಹಾಗೆಯೇ ಕರೆಯುತ್ತಿದ್ದೆವು. ತಂಗಿಯ ಬೆರಳು ಚುಚ್ಚಿ ಗಾಜಿನ ತುಂಡಿನ ಮೇಲೆ ಹನಿ ತೆಗೆದುಕೊಂಡ, ಗುಳಿಗೆ ಕೊಟ್ಟ. ಆಮೇಲೆ ಏಳುವಾಗ ಗೋಡೆಯ ಮೇಲೆ ಕೈ ಊರಿದವನು, ತನ್ನ ಅಂಗೈ ನೋಡಿಕೊಂಡ. ಕೆಂಪಾಗಿತ್ತು.

"ಇಲ್ಲಿ ಔಷಧಾ ಹೊಡದಿದ್ದರಲ್ಲ? ಈ ಗ್ವಾಡಿ ಯಾರ ಸಾರಸಿದ್ರು?"

"ನಾನ ರೀ," ಅಂದಳು ಅವ್ವ. ಅವಳ ದನಿಯಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಇತ್ತು.

"ಏನ ಬುದ್ಧಿ ಐತ್ರಿ ನಿಮಗ! ಸೊಳ್ಳಿ ಬಂದು ಗ್ವಾಡಿ ಮ್ಯಾಲೆ ಕುಂತರ ಆ ಔಷಧಾ ತಾಗಿ ಸಾಯತೈತಿ. ನೀವು ಅದರ ಮ್ಯಾಲ ಮಣ್ಣ ಬಡದ್ರ ಇನ್ನೇನ ಉಳೀತು? ನಿಮ್ಮ ಮಗಳಿಗಿ ನೀವ ಜ್ವರಾ ಹಚ್ಚೀರಿ ನೋಡ್ರಿ."

ಅವನ ಕಪಾಳಕ್ಕೆ ಹೊಡೆಯಲು ನಾನು ಎದ್ದದ್ದು ನಿಜ. ತಂಗಿ ಸೆರಗು ಹಿಡಿದು ಎಳೆದಳು. ಅವನು ತನ್ನ ಗಾಜಿನ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು, ಏನೂ ಆಗಿಲ್ಲ ಎಂಬಂತೆ, ಪಕ್ಕದ ಮನೆಗೆ ಹೋದ. ಆ ಮಾತನ್ನು ದಸರೆಯ ವಾರ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಒಂದೇ ಮಾತು: ಈ ವರ್ಷ ಸಾರಿಸಬೇಡಿರಿ. ಅವ್ವ ಕಲೆಯ ಜೊತೆಗೇ, ವಾಸನೆಯ ಜೊತೆಗೇ ಕುಬಸ ಮಾಡುತ್ತಿದ್ದಳು. ಅವಳಿಗೆ ಮಗಳು ಮುಖ್ಯವೋ ಗೋಡೆ ಮುಖ್ಯವೋ? ಔಷಧಿ ಹೊಡೆಯುವಾಗ ಬಾಯಿ ಬಿಡದವರು ಮಣ್ಣು ಒಣಗಿದ ಮೇಲೆ ಬಂದು ಬುದ್ಧಿ ಹೇಳಿದರು.

ಅವನು ಹೋದ ಮೇಲೆ ಅವ್ವ ಎಲ್ಲಿ ಎಂದು ನೋಡಿದರೆ ಒಳಮನೆಯಲ್ಲಿದ್ದಳು. ಕಳೆ ತೆಗೆಯುವ ಕುರ್ಪಿ ಹಿಡಿದು ಗೋಡೆ ಕೆರೆಯುತ್ತಿದ್ದಳು. ಮೇಲಿನ ಕೆಮ್ಮಣ್ಣು ಕೆರೆದು ತೆಗೆದರೆ ಕೆಳಗೆ ಔಷಧಿ ಇದ್ದೀತು ಎಂದು ಅವಳ ಆಸೆ. ಮಣ್ಣು ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಉದುರುತ್ತಿತ್ತು, ಅದರ ಜೊತೆಗೇ ಬಿಳಿಯದೂ ಉದುರುತ್ತಿತ್ತು. ನಾನು ಕೈ ಹಿಡಿದೆ. ಕೊಸರಿಕೊಂಡು ಮತ್ತೆ ಕೆರೆದಳು.

"ಬಿಡವ್ವಾ."

"ಅಡ್ಯಾಗ ಇರತೈತಿ. ನಾ ತೆಳ್ಳಗ ಬಳದೇನಿ, ಅಡ್ಯಾಗ ಇರತೈತಿ."

ತಂಗಿ ಕಂಬಳಿಯೊಳಗಿಂದ ಅದನ್ನು ನೋಡುತ್ತಿದ್ದಳು. "ಯವ್ವಾ, ನೀ ಚಂದ ಮಾಡಿದ್ದೆಲ್ಲ ಕೆಡಸಬ್ಯಾಡ," ಅಂದಳು.

ಜ್ವರ ಬಿಟ್ಟು ಬಿಟ್ಟು ಬಂತು. ಬಾಡಿಗೆ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೋದೆವು. ತಂಗಿ ಉಳಿದಳು. ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಗಂಡು ಕೂಸು, ತಲೆತುಂಬ ಕೂದಲು. ಆಮೇಲೆ ಒಂದು ದಿನ ಜ್ವರದವನು ಬಂದು, ರಕ್ತದಲ್ಲಿ ಮಲೇರಿಯಾ ಇದೆ ಎಂದು ಹೇಳಿ ಹೋದ. ನಾವು ಅಷ್ಟೊತ್ತಿಗೆ ಕೂಸನ್ನು ಮಣ್ಣು ಮಾಡಿ ಬಂದಿದ್ದೆವು. ಅವನಿಗೆ ಕೂತುಕೋ ಎಂದು ಅವ್ವ ಮಣೆ ಕೊಟ್ಟಳು. ನನಗೆ ಅವ್ವನ ಮೇಲೂ ಸಿಟ್ಟು ಬಂತು.

ಮುಂದಿನ ತಾಲೂಕು ಸಭೆಯಲ್ಲಿ ಸಾಹೇಬರು ಕಾಯುತ್ತಿದ್ದವರ ಹಾಗೆ ಎದ್ದರು. "ನೋಡ್ರಿ, ಈ ಅಕ್ಕಾರ ಹಟಾ ಮಾಡಿ ದಸರಾ ಆದಮ್ಯಾಲ ಔಷಧಾ ಹೊಡಸ್ಕೊಂಡ್ರು. ಏನಾತು? ಜನಾ ಎಲ್ಲಾ ಸಾರಸಿಬಿಟ್ರು. ಜನರ ಸಹಕಾರ ಇಲ್ಲದ ನಾವೇನ ಮಾಡೂಣು?"

"ಸಾಹೇಬ್ರ, ನಿಮ್ಮವ್ವ ದೀಪಾವಳಿಗಿ ಗ್ವಾಡಿ ಸಾರಸ್ತಿದ್ದಿಲ್ಲೇನ್ರಿ?"

ಅವರು ಮುಂದಿದ್ದ ಕಾಗದ ಮಗುಚತೊಡಗಿದರು.

"ಸಾರಸ್ತಿದ್ದಳು. ನೀವೂ ಸಗಣಿ ತಂದು ಕೊಟ್ಟಿರಬೇಕು. ನಿಮಗ ಗೊತ್ತಿತ್ತು. ಗೊತ್ತಿದ್ದೂ ಒಂದು ಮಾತು ಹೇಳಸಲಿಲ್ಲ. ಸಹಕಾರ ಅಂತ! ನನ್ನ ತಂಗಿ ಕೂಸು ಕೊಟ್ಟಾಳ, ಇನ್ನೇನ ಸಹಕಾರ ಬೇಕ್ರಿ ನಿಮಗ?"

ಈ ಸಲ ಯಾರೂ ನಗಲಿಲ್ಲ. ಆದರೆ ದಸರೆಯ ಮೇಲೆ ಹೊಡೆಯುವುದು ಪ್ರಯೋಜನವಿಲ್ಲ ಎಂದು ಬರೆದುಕೊಂಡರು. ಅಲ್ಲಿಗೆ ಅವರ ಮಟ್ಟಿಗೆ ಆ ವಿಷಯ ಮುಗಿಯಿತು.

ಅವ್ವನ ಮಟ್ಟಿಗೆ ಮುಗಿಯಲಿಲ್ಲ. ಯಾರ ಮುಂದೆಯೂ ಗಟ್ಟಿಯಾಗಿ ಮಾತಾಡದ ನನ್ನ ಅವ್ವ, ಮುಂದಿನ ದಸರೆಯ ಹೊತ್ತಿಗೆ ಊರಿನ ಮನೆಮನೆಗೆ ಹೋದಳು. ಹೊಸ್ತಿಲ ಹೊರಗೇ ನಿಂತು ಒಂದೇ ಮಾತು ಹೇಳಿದಳು: "ಈ ದೀಪಾವಳಿಗಿ ಗ್ವಾಡಿ ಸಾರಸಬ್ಯಾಡ್ರವಾ. ಔಷಧಾದವರು ಬರೂತನಾ ತಡೀರಿ." ಮೊದಲು ಹೆಂಗಸರು ಒಪ್ಪಲಿಲ್ಲ. ಹಬ್ಬದಲ್ಲಿ ಸಾರಿಸದ ಮನೆ ಅಂದರೆ ಸಾವಾದ ಮನೆ. ಅಪಶಕುನ. "ಸಾವಾಗೇ ಐತಲ್ಲ," ಅಂದಳು ಅವ್ವ. ಆ ವರ್ಷ ನಮ್ಮ ಊರಿನಲ್ಲಿ ಒಂದು ಗೋಡೆಯೂ ಕೆಂಪಾಗಲಿಲ್ಲ. ಮಳೆ ಹೊಡೆದು ಮಾಸಿದ, ಬೂಸ್ಟು ಹಿಡಿದ ಗೋಡೆಗಳ ಮುಂದೆಯೇ ದೀಪ ಇಟ್ಟರು.

ನಾನು ಕಚೇರಿಗೆ ಹೋಗಿ ಹೇಳಿದೆ. ಇಡೀ ಊರು ಸಾರಿಸದೆ ಕಾಯುತ್ತಿದೆ, ಈಗ ಬನ್ನಿ ಎಂದೆ. ಅಷ್ಟರಲ್ಲಿ ಸಾಹೇಬರಿಗೆ ವರ್ಗವಾಗಿತ್ತು. ಹೊಸಬರು ನನ್ನ ಮಾತು ಪೂರ್ತಿ ಕೇಳಿದರು, ಕುರ್ಚಿಯನ್ನೂ ಕೊಟ್ಟರು. ನಿಮ್ಮ ಊರಿಗೆ ಈ ವರ್ಷದ್ದು ಆಗಿಹೋಗಿದೆಯಲ್ಲ ಎಂದರು. ಗೋಡೆಯ ಮೇಲೆ ತಾರೀಖು ಇರಬೇಕು, ನೋಡಿ ಎಂದರು. ಇತ್ತು. ಕಾರಹುಣ್ಣಿಮೆಯ ತಾರೀಖು.

ಅವರು ಬರಲಿಲ್ಲ. ಜ್ವರ ಬಂತು. ಮರುವರ್ಷವೂ ಅವ್ವ ಸಾರಿಸಲಿಲ್ಲ, ಮರುವರ್ಷವೂ ಅವರು ಬರಲಿಲ್ಲ. ಬೇರೆಯವರು ಒಬ್ಬೊಬ್ಬರಾಗಿ ತಮ್ಮ ಗೋಡೆ ಸಾರಿಸಿಕೊಳ್ಳತೊಡಗಿದರು. ಯಾರನ್ನು ಬೈಯುವುದು? ನಮ್ಮ ಮನೆ ಮಾತ್ರ ಹಾಗೇ ಇತ್ತು. ಒಳಮನೆಯಲ್ಲಿ ಕುರ್ಪಿ ಕೆರೆದ ಗೆರೆಗಳೂ ಹಾಗೇ ಇದ್ದವು.

ತಂಗಿ ಮತ್ತೆ ಬಸುರಾದಳು. ಮೊದಲನೆಯದು ಕೈಗೆ ಸಿಗದ ಮೇಲೆ ಇದನ್ನೇ ಚೊಚ್ಚಲು ಎಂದುಕೊಂಡು ಕರೆಯಲು ಹೋದೆ. ಅವಳ ಅತ್ತೆ ಒಳ್ಳೆಯ ಹೆಂಗಸು, ಕೈಕಾಲಿಗೆ ನೀರು ಕೊಟ್ಟು, ಊಟಕ್ಕೆ ಬಡಿಸಿ, ಆಮೇಲೆ ಹೇಳಿದಳು: "ಸಿಟ್ಟಾಗಬ್ಯಾಡ್ರಿ. ಆ ಊರಿಗಿ ಮಾತ್ರ ಕಳಸೂದಿಲ್ರಿ. ಇಲ್ಲೇ ಬಾಣೇತನಾ ಮಾಡತೇವಿ. ನಿಮ್ಮವ್ವನ್ನೂ ಇಲ್ಲೇ ಕರಕೊಂಡು ಬರ್ರಿ." ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ನಾನಾಗಿದ್ದರೂ ಕಳಿಸುತ್ತಿರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅಳುತ್ತ ಕೂತಿದ್ದೆ, ಪಕ್ಕದವಳು ವಾಕರಿಕೆಯೇ ಎಂದು ಕೇಳಿದಳು. ಅವ್ವ ಸುದ್ದಿ ಕೇಳಿ ತಲೆ ಆಡಿಸಿದಳು, ಮುಂಡಗೋಡಕ್ಕೆ ಹೋಗಲಿಲ್ಲ. ಹೆಣ್ಣು ಮಗು ಹುಟ್ಟಿತು, ಚೆನ್ನಾಗಿ ಬೆಳೆಯಿತು. ಅಜ್ಜಿಯ ಮನೆಗೆ ಬೇಸಿಗೆಯಲ್ಲಷ್ಟೇ ಬರುತ್ತಿತ್ತು.

ಇದರ ನಡುವೆ ದಾಂಡೇಲಿಯಲ್ಲೊಂದು ಸಭೆ ಆಯಿತು. ಎರಡು ಸಾವಿರ ದಾಟಿ ಕೆಲವು ವರ್ಷವಾಗಿತ್ತು. ಮಾಜಿ ಮೆಂಬರುಗಳನ್ನೂ ಕರೆದಿದ್ದರು. ಪರದೆಯ ಮೇಲೆ ಚಿತ್ರ ತೋರಿಸಿದರು: ಭೂಮಿ ಬಿಸಿಯಾಗುತ್ತಿದೆ, ಮಳೆ ಸ್ಥಾನ ಬಿಡುತ್ತಿದೆ, ರೋಗಗಳು ಕಾಲ ಬದಲಿಸುತ್ತಿವೆ, ನಾವೆಲ್ಲ ಎಚ್ಚರಗೊಳ್ಳಬೇಕು. ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಇದನ್ನು ಹೇಳಿದ್ದಕ್ಕೆ ನನ್ನನ್ನು ನೋಡಿ ನಕ್ಕಿದ್ದರಲ್ಲ! ಊಟಕ್ಕೆ ಎದ್ದಾಗ ಭಾಷಣ ಮಾಡಿದವರ ಹತ್ತಿರ ಹೋಗಿ ಕೇಳಿದೆ, ಹಾಗಾದರೆ ಈಗ ನಮ್ಮ ಊರಿಗೆ ಔಷಧಿ ಯಾವ ತಿಂಗಳು ಹೊಡೆಯುತ್ತೀರಿ? ಅವರು ತಟ್ಟೆ ಹಿಡಿದುಕೊಂಡು ಬಹಳ ಸೌಜನ್ಯದಿಂದ, ಅದು ನಮ್ಮ ಇಲಾಖೆಗೆ ಬರುವುದಿಲ್ಲ, ಅದನ್ನು ನೋಡುವವರು ಬೇರೆ ಎಂದರು. ನಾನು ಅಲ್ಲಿ ಉಣ್ಣದೆ ಎದ್ದು ಬಂದೆ.

ಆ ವರ್ಷದ ಕಾರಹುಣ್ಣಿಮೆಗೆ ಔಷಧಿ ಹೊಡೆಯುವವರು ಬಂದರು. ಹೊಸ ಪಂಪು, ಹೊಸ ಮೇಸ್ತ್ರಿ, ಮುಖಕ್ಕೆ ಕಟ್ಟಿಕೊಳ್ಳಲು ಬಟ್ಟೆ. ಹೊರಗೆ ಬಿಸಿಲು ಹೊಡೆಯುತ್ತಿತ್ತು, ಹಳ್ಳದಲ್ಲಿ ಒಂದು ಹನಿ ನೀರಿರಲಿಲ್ಲ. ಅವ್ವನಿಗೆ ಅಷ್ಟೊತ್ತಿಗೆ ಬೆನ್ನು ಬಾಗಿತ್ತು. ತಾನೇ ಸಾಮಾನು ಹೊರಗೆ ಇಟ್ಟಳು, ಒಳಮನೆ ತೋರಿಸಿದಳು, ಅವರು ಹೊಡೆದು ಮುಗಿಸುವ ತನಕ ಕಟ್ಟೆಯ ಮೇಲೆ ಕೂತಿದ್ದಳು. ಮಜ್ಜಿಗೆ ಕೊಡಲಿಲ್ಲ. ಮೇಸ್ತ್ರಿ ಬಾಗಿಲ ಪಕ್ಕ ತಾರೀಖು ಬರೆದ. ಬರೆದು, ಹೊಸದಾಗಿ ಕಲಿಸಿಕೊಟ್ಟಿದ್ದರೋ ಏನೋ, ಗಟ್ಟಿಯಾಗಿ ಹೇಳಿದ: "ಅಜ್ಜೀ, ಈ ಗ್ವಾಡಿ ಸಾರಸಬಾರ್ದು ನೋಡ್ರಿ. ತಿಳೀತಿಲ್ಲೋ?"

ಇಷ್ಟು ವರ್ಷವಾದ ಮೇಲೆ ಆ ಮಾತು ನಮ್ಮ ಅಂಗಳಕ್ಕೆ ಬಂದಿತ್ತು.

ಅವ್ವ ಎದ್ದಳು. ಕೊಟ್ಟಿಗೆಗೆ ಹೋಗಿ ಬುಟ್ಟಿಯಲ್ಲಿ ಸಗಣಿ ತಂದಳು. ಮೂಲೆಯಲ್ಲಿ ಎಷ್ಟೋ ವರ್ಷದಿಂದ ಮುಟ್ಟದೆ ಇದ್ದ ಕೆಮ್ಮಣ್ಣಿನ ಗಡಿಗೆ ಎಳೆದು ತಂದಳು. ನೀರು ಹಾಕಿ ಕಲಸತೊಡಗಿದಳು. ಪಂಪು ಹೊತ್ತವರು ಹೊರಟವರು ನಿಂತರು.

"ಏ ಅಜ್ಜೀ, ಏನ ಮಾಡಾಕತ್ತೀರಿ? ಈಗ ಹೇಳಿದ್ನಲ್ಲ!"

ಅವ್ವ ತನ್ನ ಪಾಡಿಗೆ ಮಣ್ಣು ಕಲಸಿ ಮುಗಿಸಿದಳು. ಬಾಗಿಲ ಪಕ್ಕಕ್ಕೆ ಹೋಗಿ, ಇನ್ನೂ ಒಣಗದ ಆ ತಾರೀಖಿನ ಮೇಲೆ ಅಂಗೈ ತುಂಬ ಮಣ್ಣು ಇಟ್ಟು ಎಳೆದಳು. ಆಮೇಲೆ ಅದರ ಪಕ್ಕ, ಆಮೇಲೆ ಅದರ ಕೆಳಗೆ. ಮೇಸ್ತ್ರಿ ನನ್ನ ಕಡೆ ನೋಡಿದ, ನೀವಾದರೂ ಹೇಳಿ ಎಂಬಂತೆ. ನಾನು ಸೆರಗು ಸಿಕ್ಕಿಸಿ ಗಡಿಗೆಯಲ್ಲಿ ಕೈ ಹಾಕಿದೆ.

"ಕಾರ್ತೀಕದಾಗ ಬರ್ರಿ," ಅಂದಳು ಅವ್ವ, ಗೋಡೆಯಿಂದ ಮುಖ ತಿರುಗಿಸದೆ. "ಜ್ವರಾ ಬರೂ ಮುಂದ ಬರ್ರಿ. ಆವಾಗ ಗ್ವಾಡಿ ಮುಟ್ಟಿದ್ರ ನನ್ನ ಕೈ ಕಡೀರಿ."